ಗೀಸರ್ ರಿಪೇರಿಯೋ, ಹೊಸದೋ? ತೀರ್ಮಾನ ಇರುವುದು ಟ್ಯಾಂಕಿನಲ್ಲಿ

ಗೀಸರ್ ಕೈಕೊಡುವವರೆಗೂ ಅದೊಂದು ಯಂತ್ರ ಗೋಡೆಯ ಮೇಲಿದೆ ಎಂಬುದೇ ಮನೆಯವರಿಗೆ ನೆನಪಿರುವುದಿಲ್ಲ. ಚಳಿ ಹಿಡಿದ ಒಂದು ಬೆಳಿಗ್ಗೆ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಬರುತ್ತದೆ, ಇಲ್ಲವೇ ಡಬ್ಬಿಯೊಳಗಿನಿಂದ ಗೊಟಗೊಟ ಸದ್ದು ಕೇಳಿಸುತ್ತದೆ, ಇಲ್ಲವೇ ತಳದಿಂದ ತೊಟ್ಟಿಕ್ಕಿದ ನೀರು ನೆಲದ ಮೇಲೆ ಕಂದು ಕಲೆ ಬಿಟ್ಟಿರುತ್ತದೆ. ರಿಪೇರಿ ಮಾಡಿಸಬೇಕೋ, ಹೊಸದನ್ನೇ ತರಬೇಕೋ ಎಂಬ ಪ್ರಶ್ನೆ ಏಳುವುದು ಆಗಲೇ. ರಿಪೇರಿಯವರು ಒಂದು ಹೇಳುತ್ತಾರೆ, ಅಂಗಡಿಯವರು ಇನ್ನೊಂದು ಹೇಳುತ್ತಾರೆ. ಇಬ್ಬರ ಮಾತನ್ನೂ ತೂಗಿ ನೋಡುವುದಕ್ಕೆ ಬೇಕಾದ ಹಿನ್ನೆಲೆ ಮಾತ್ರ ನಮ್ಮ ಬಳಿ ಇರುವುದಿಲ್ಲ.

ಆ ಹಿನ್ನೆಲೆ ಅಷ್ಟೇನೂ ಜಟಿಲವಲ್ಲ. ಗೀಸರಿನಲ್ಲಿ ಬದಲಿಸಬಹುದಾದ ಭಾಗಗಳು ಹಲವು, ಬದಲಿಸಲಾಗದ ಭಾಗ ಒಂದೇ ಒಂದು: ನೀರು ತುಂಬಿಕೊಳ್ಳುವ ಟ್ಯಾಂಕ್. ಕಾಣಿಸಿಕೊಂಡ ತೊಂದರೆ ಬಿಡಿಭಾಗದ್ದೋ ಟ್ಯಾಂಕಿನದ್ದೋ ಎಂದು ಗುರುತಿಸಲು ಬಂದರೆ ಮುಕ್ಕಾಲು ಪಾಲು ತೀರ್ಮಾನ ಆದಂತೆಯೇ.

ಡಬ್ಬಿಯೊಳಗೆ ಏನಿದೆ

ನೀರನ್ನು ಕೂಡಿಟ್ಟು ಕಾಯಿಸುವ ವಿದ್ಯುತ್ ಗೀಸರನ್ನು ಮೊದಲು ನೋಡೋಣ. ಹೊರಗೆ ಕಾಣುವುದು ತಗಡಿನ ಅಥವಾ ಪ್ಲಾಸ್ಟಿಕ್ಕಿನ ಕವಚ. ಅದರೊಳಗೆ, ಶಾಖ ಸೋರಿಹೋಗದಂತೆ ತುಂಬಿದ ಫೋಮಿನ ನಡುವೆ ಟ್ಯಾಂಕ್ ಕುಳಿತಿರುತ್ತದೆ. ಟ್ಯಾಂಕಿನ ಒಂದು ಕಡೆ, ಸಾಮಾನ್ಯವಾಗಿ ತಳದಲ್ಲಿ, ಬೋಲ್ಟುಗಳಿಂದ ಬಿಗಿದ ದುಂಡನೆಯ ಮುಚ್ಚಳವಿರುತ್ತದೆ. ಅದನ್ನು ಫ್ಲ್ಯಾಂಜ್ ಎನ್ನುತ್ತಾರೆ. ನೀರು ಕಾಯಿಸುವ ಕಾಯಿಲ್, ಬೇಕಾದಷ್ಟು ಬಿಸಿಯಾದೊಡನೆ ವಿದ್ಯುತ್ ಕಡಿಯುವ ಥರ್ಮೋಸ್ಟಾಟ್, ತುಕ್ಕು ತಡೆಯುವ ಆನೋಡ್ ಸರಳು ಇವೆಲ್ಲ ಹೆಚ್ಚಾಗಿ ಆ ಮುಚ್ಚಳಕ್ಕೇ ಜೋಡಣೆಯಾಗಿರುತ್ತವೆ. ಥರ್ಮೋಸ್ಟಾಟ್ ಕೆಟ್ಟು ನೀರು ಮಿತಿಮೀರಿ ಕಾದರೆ ಲೈನನ್ನೇ ಕಡಿದುಹಾಕುವ ಕಟ್‌ಔಟ್ ಎಂಬ ಎರಡನೆಯ ಕಾವಲು ಇರುತ್ತದೆ. ಒತ್ತಡ ಹೆಚ್ಚಾದರೆ ನೀರನ್ನು ಹೊರಬಿಡುವ ಸೇಫ್ಟಿ ವಾಲ್ವ್ ಮೂರನೆಯ ಕಾವಲು.

ತಣ್ಣೀರು ತಳದಿಂದ ಒಳಬರುತ್ತದೆ, ಬಿಸಿನೀರು ಮೇಲ್ಭಾಗದಿಂದ ಹೊರಹೋಗುತ್ತದೆ. ಬಿಸಿನೀರು ಹಗುರವಾದ್ದರಿಂದ ಅದು ಮೇಲೆಯೇ ನಿಲ್ಲುತ್ತದೆ. ನಲ್ಲಿ ತಿರುಗಿಸಿದಾಗ ಕೆಳಗಿನಿಂದ ನುಗ್ಗುವ ತಣ್ಣೀರು ಅದನ್ನು ಮೇಲಿನಿಂದ ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಟ್ಯಾಂಕ್ ಯಾವಾಗಲೂ ತುಂಬಿರುತ್ತದೆ, ಯಾವಾಗಲೂ ಒತ್ತಡದಲ್ಲಿರುತ್ತದೆ. ಮೇಲಿನ ತೊಟ್ಟಿಯ ನೀರಿನ ಮಟ್ಟ ಗೀಸರಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಬೀಳುತ್ತದೆ. ಎತ್ತರದ ಕಟ್ಟಡದ ಕೆಳ ಅಂತಸ್ತುಗಳಲ್ಲಿ ಅಥವಾ ಪ್ರೆಷರ್ ಪಂಪ್ ಕೂರಿಸಿದ ಮನೆಗಳಲ್ಲಿ ಅದು ಇನ್ನೂ ಹೆಚ್ಚು. ತೂತಾದ ಬಕೆಟ್ಟಿಗೆ ತೇಪೆ ಹಾಕಿದಂತೆ ತೂತಾದ ಗೀಸರ್ ಟ್ಯಾಂಕಿಗೆ ತೇಪೆ ಹಾಕಲು ಆಗದಿರುವುದು ಇದಕ್ಕಾಗಿಯೇ. ಒತ್ತಡ ಹಗಲಿರುಳೂ ತಳ್ಳುತ್ತಿರುತ್ತದೆ, ಬಿಸಿಯಾದಾಗ ಲೋಹ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಹೊರಗಿನಿಂದ ಬೆಸುಗೆ ಹಾಕಹೊರಟರೆ ಒಳಗಿನ ಲೇಪವೇ ಸುಟ್ಟು ಬಿರಿಯುತ್ತದೆ.

ತನ್ನನ್ನು ತಾನೇ ಸವೆಸಿಕೊಳ್ಳುವ ಸರಳು

ಹೆಚ್ಚಿನ ಟ್ಯಾಂಕುಗಳು ಉಕ್ಕಿನವು. ನೀರು, ಅದರಲ್ಲಿ ಕರಗಿದ ಆಮ್ಲಜನಕ, ಜೊತೆಗೆ ಬಿಸಿ ಸೇರಿದರೆ ಉಕ್ಕು ತುಕ್ಕು ಹಿಡಿಯಲು ಬೇರೇನೂ ಬೇಕಿಲ್ಲ. ಅದನ್ನು ತಡೆಯಲು ಟ್ಯಾಂಕಿನ ಒಳಮೈಗೆ ಗಾಜಿನಂಥ ಎನಾಮಲ್ ಲೇಪವನ್ನು ಅಧಿಕ ಉಷ್ಣದಲ್ಲಿ ಕರಗಿಸಿ ಹಿಡಿಸುತ್ತಾರೆ. ಆದರೆ ಗಾಜು ಬಾಗುವುದಿಲ್ಲ, ಬಿರಿಯುತ್ತದೆ. ವರ್ಷಗಟ್ಟಲೆ ಕಾದು ತಣಿದು, ಕಾದು ತಣಿದು ಆಗುವಾಗ ಲೇಪದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಆ ಬಿರುಕಿನಲ್ಲಿ ಬರಿಮೈಯಾದ ಉಕ್ಕನ್ನು ಕಾಯುವುದೇ ಆನೋಡ್ ಸರಳಿನ ಕೆಲಸ.

ಸರಳು ಸಾಮಾನ್ಯವಾಗಿ ಮೆಗ್ನೀಸಿಯಂನದು, ಕೆಲವೊಮ್ಮೆ ಅಲ್ಯೂಮಿನಿಯಂನದು. ಎರಡು ಲೋಹಗಳು ಒಂದಕ್ಕೊಂದು ತಾಗಿಕೊಂಡು ಒಂದೇ ನೀರಿನಲ್ಲಿದ್ದಾಗ, ಸುಲಭವಾಗಿ ಸವೆಯುವ ಲೋಹ ತಾನು ಕರಗುತ್ತಾ ಇನ್ನೊಂದನ್ನು ಕಾಪಾಡುತ್ತದೆ. ಬ್ರಿಟನ್ನಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡನ್ನು ಉಪ್ಪುನೀರಿನಿಂದ ಉಳಿಸಲು ಸತುವು ಮತ್ತು ಕಬ್ಬಿಣದ ತುಂಡುಗಳನ್ನು ಅದಕ್ಕೆ ಜೋಡಿಸಿ ತೋರಿಸಿದ್ದು ಇದೇ ತತ್ವವನ್ನು. ಇಂದು ಸ್ನಾನದ ಮನೆಯ ಗೋಡೆಯ ಮೇಲೆ ಸದ್ದಿಲ್ಲದೆ ನಡೆಯುತ್ತಿರುವುದೂ ಅದೇ.

ಹೊಸ ಸರಳು ಬೆರಳುಗಾತ್ರದ, ನುಣುಪಾದ ಬೂದುಬಣ್ಣದ ಕಡ್ಡಿ. ಕೆಲವು ವರ್ಷಗಳ ನಂತರ ಮುಚ್ಚಳ ಬಿಚ್ಚಿಸಿ ನೋಡಿದರೆ ಅದು ಇಲಿ ಕಡಿದಂತೆ ಗುಳಿಗುಳಿಯಾಗಿರುತ್ತದೆ. ಇನ್ನೂ ತಡವಾಗಿ ನೋಡಿದರೆ ನಡುವಿನ ತೆಳುವಾದ ಉಕ್ಕಿನ ತಂತಿ ಮಾತ್ರ ನೇತಾಡುತ್ತಿರುತ್ತದೆ. ತಂತಿ ಕಂಡ ದಿನವೇ ಟ್ಯಾಂಕ್ ಹೋಯಿತು ಎಂದೇನಲ್ಲ, ಅಂದಿನಿಂದ ಅದಕ್ಕೆ ಕಾವಲಿಲ್ಲ ಅಷ್ಟೆ. ನೀರಿನ ಗುಣವನ್ನು ನೋಡಿಕೊಂಡು ಎರಡು ಮೂರು ವರ್ಷಕ್ಕೊಮ್ಮೆ ಸರಳನ್ನು ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿದಲ್ಲಿ ಟ್ಯಾಂಕಿನ ಆಯುಷ್ಯ ಗಣನೀಯವಾಗಿ ಬೆಳೆಯುತ್ತದೆ. ಗೀಸರಿಗೆ ಮಾಡಬಹುದಾದ ಆರೈಕೆಗಳಲ್ಲಿ ಅತ್ಯಂತ ಲಾಭದಾಯಕವಾದದ್ದು ಇದು. ಹೆಚ್ಚಿನ ಮನೆಗಳಲ್ಲಿ ಇಂಥದೊಂದು ಸರಳು ಇದೆ ಎಂಬುದೇ ಗೊತ್ತಿರುವುದಿಲ್ಲ ಎಂಬುದು ಬೇರೆ ಮಾತು.

ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕುಗಳಲ್ಲಿ ಗಾಜಿನ ಲೇಪ ಇರುವುದಿಲ್ಲ, ಹಲವಕ್ಕೆ ಆನೋಡ್ ಸರಳೂ ಇರುವುದಿಲ್ಲ. ಹಾಗೆಂದು ಅವು ಚಿರಂಜೀವಿಗಳಲ್ಲ. ಕ್ಲೋರೈಡ್ ಹೆಚ್ಚಿರುವ ನೀರಿನಲ್ಲಿ ಅವು ಬೆಸುಗೆಯ ಗೆರೆಗಳಲ್ಲಿ ಸೂಜಿಮೊನೆಯಂಥ ತೂತು ಬೀಳುತ್ತವೆ ಅಥವಾ ಸೀಳುತ್ತವೆ.

ಸುಣ್ಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ದಿನವೂ ನೀರು ಕುದಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ಎಲ್ಲರೂ ಕಂಡಿರುತ್ತಾರೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ಗೀಸರಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ ಕಾಯಿಲಿನ ಮೈ. ಆದ್ದರಿಂದ ಪದರ ಮೊದಲು ಕಟ್ಟುವುದೂ ಅಲ್ಲಿಯೇ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ನೀರು ದಿನಕ್ಕೆ 100 ಲೀಟರಿನಂತೆ ಹಾದುಹೋದರೆ ವರ್ಷಕ್ಕೆ ಹತ್ತಿರಹತ್ತಿರ 11 ಕಿಲೋಗ್ರಾಂ ಸುಣ್ಣದ ಅಂಶ ಗೀಸರಿನ ಮೂಲಕ ಸಾಗುತ್ತದೆ. ಅದರಲ್ಲಿ ಒಳಗೆ ಉಳಿಯುವುದು ಸಣ್ಣ ಪಾಲು ಮಾತ್ರ. ಆದರೆ ಆ ಸಣ್ಣ ಪಾಲು ವರ್ಷವರ್ಷವೂ ಸೇರುತ್ತಾ ಹೋಗುತ್ತದೆ.

ಇಂಥ ಗೀಸರಿನ ಮುಚ್ಚಳ ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಮೊದಲು ಹಾಲಿನಂಥ ನೀರು ಸುರಿಯುತ್ತದೆ, ಹಿಂದೆಯೇ ಮೊಟ್ಟೆಯ ಓಡಿನಂಥ ಚಕ್ಕೆಗಳು ಬಕೆಟ್ಟಿಗೆ ಖಣಖಣ ಬೀಳುತ್ತವೆ. ಕೊನೆಗೆ ಹೊರಬರುವ ಕಾಯಿಲ್ ಮೇಲೆ ಹವಳದ ಹಾಗೆ ಬೆಳೆದ ಕಲ್ಲಿನ ಗಂಟುಗಳಿರುತ್ತವೆ. ನೀರು ಕಾಯುವಾಗ ಕೇಳಿಸುವ ಗೊಟಗೊಟ, ಪಟಪಟ ಸದ್ದಿನ ಮೂಲ ಇದೇ: ಚಕ್ಕೆಗಳ ಅಡಿಯಲ್ಲಿ ಸಿಕ್ಕಿಬಿದ್ದ ನೀರು ಅಲ್ಲಿಯೇ ಕುದಿದು, ಉಗಿಯ ಗುಳ್ಳೆಗಳು ಒಡೆಯುತ್ತವೆ. ಸದ್ದು ಕೇಳಿ ಗಾಬರಿಯಾಗಿ ಗೀಸರನ್ನೇ ಬದಲಿಸುವವರಿದ್ದಾರೆ. ವಾಸ್ತವದಲ್ಲಿ ಆ ಸದ್ದು ಕೇಳುತ್ತಿರುವುದು ಡೀಸ್ಕೇಲಿಂಗನ್ನು, ಎಂದರೆ ಒಳಗಿನ ಸುಣ್ಣವನ್ನು ತೆಗೆಸುವುದನ್ನು.

ಸುಣ್ಣ ಕಟ್ಟಿದ ಕಾಯಿಲ್ ಕರೆಂಟು ಜಾಸ್ತಿ ತಿನ್ನುತ್ತದೆ ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ವಿದ್ಯುತ್ ಕಾಯಿಲ್ ನೀರಿನೊಳಗೆ ಪೂರ್ತಿ ಮುಳುಗಿರುತ್ತದೆ. ಅದು ಹುಟ್ಟಿಸಿದ ಶಾಖಕ್ಕೆ ನೀರಿನತ್ತ ಹೋಗುವುದನ್ನು ಬಿಟ್ಟರೆ ಬೇರೆ ದಾರಿ ಇಲ್ಲದಂತೆಯೇ ಸರಿ. ಪದರ ದಪ್ಪವಾದಾಗ ಶಾಖ ದಾಟುವುದು ಕಷ್ಟವಾಗುತ್ತದೆ ನಿಜ, ಏಕೆಂದರೆ ತಾಮ್ರ ಆ ಸುಣ್ಣಕ್ಕಿಂತ ನೂರಾರು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಆದರೆ ಅದರ ಪರಿಣಾಮ ಬೀಳುವುದು ಬಿಲ್ಲಿನ ಮೇಲಲ್ಲ, ಕಾಯಿಲಿನ ಮೇಲೆ. ಶಾಖ ಹೊರದಾಟುವಷ್ಟರಲ್ಲಿ ಕಾಯಿಲ್ ತಾನೇ ವಿಪರೀತ ಕಾದು, ಅದರ ಹೊರಕೊಳವೆ ಬಿರಿಯುತ್ತದೆ ಅಥವಾ ಒಳಗಿನ ತಂತಿ ಸುಟ್ಟುಹೋಗುತ್ತದೆ. ಗ್ಯಾಸ್ ಗೀಸರಿನ ಲೆಕ್ಕ ಬೇರೆ. ಅಲ್ಲಿ ಜ್ವಾಲೆ ಇರುವುದು ನೀರಿನ ಹೊರಗೆ. ಪದರ ದಪ್ಪವಾದಷ್ಟೂ ಶಾಖ ನೀರಿಗಿಳಿಯದೆ ಹೊಗೆಯ ಜೊತೆ ಮೇಲೆ ಹೋಗುತ್ತದೆ; ಅಲ್ಲಿ ಇಂಧನ ನಿಜವಾಗಿಯೂ ನಷ್ಟವಾಗುತ್ತದೆ.

ನೀರು ಎಲ್ಲಿಂದ ತೊಟ್ಟಿಕ್ಕುತ್ತಿದೆ?

ಬದಲಾಯಿಸಬೇಕೋ ಬೇಡವೋ ಎಂಬುದಕ್ಕೆ ಎಲ್ಲಕ್ಕಿಂತ ನಿಚ್ಚಳವಾದ ಉತ್ತರ ಕೊಡುವುದು ಸೋರಿಕೆ. ಆದ್ದರಿಂದಲೇ ಅದನ್ನು ತಪ್ಪಾಗಿ ಓದಿದರೆ ನಷ್ಟವೂ ಹೆಚ್ಚು.

ಮೊದಲು ಸೇಫ್ಟಿ ವಾಲ್ವ್ ಕಡೆ ನೋಡಬೇಕು. ನೀರು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಕಾದಾಗ ಅದರ ಗಾತ್ರ ಸುಮಾರು ಶೇ. 1.4ರಷ್ಟು ಹಿಗ್ಗುತ್ತದೆ, 15 ಲೀಟರಿನ ಟ್ಯಾಂಕಿನಲ್ಲಿ ಅದು 200 ಮಿಲಿಲೀಟರ್, ಎಂದರೆ ಒಂದು ಲೋಟ. ತಣ್ಣೀರಿನ ಪೈಪಿನಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇದ್ದರೆ ಈ ಹೆಚ್ಚುವರಿ ನೀರು ಸೇಫ್ಟಿ ವಾಲ್ವ್ ಮೂಲಕವೇ ಹನಿಹನಿಯಾಗಿ ಹೊರಬರಬೇಕು. ಹಾಗಾಗಿ ಕಾಯುವಾಗ ಮಾತ್ರ ಹನಿಕಿ, ಕಾದ ಮೇಲೆ ನಿಂತರೆ ಅದು ದೋಷವಲ್ಲ. ಅದನ್ನು ಸೋರಿಕೆಯೆಂದು ಭಾವಿಸಿ ವಾಲ್ವಿನ ಬಾಯಿ ಮುಚ್ಚುವುದು ಗೀಸರಿಗೆ ಮಾಡಬಹುದಾದ ಅತಿ ಅಪಾಯಕಾರಿ ಕೆಲಸ. ಕಾಯದಿರುವಾಗಲೂ ಹನಿಕುತ್ತಲೇ ಇದ್ದರೆ ವಾಲ್ವ್ ಕೆಟ್ಟಿರಬಹುದು, ಅಥವಾ ಕೊಳಾಯಿಯ ಒತ್ತಡವೇ ಮಿತಿಮೀರಿರಬಹುದು. ಎರಡಕ್ಕೂ ಹೊಸ ಗೀಸರ್ ಬೇಕಿಲ್ಲ.

ನಂತರ ನೋಡಬೇಕಾದದ್ದು ಪೈಪು ಸೇರುವ ಜಾಗಗಳು. ಒಣಗಿದ ಕಾಗದದ ತುಂಡನ್ನು ಒಂದೊಂದು ಜೋಡಣೆಗೂ ಸುತ್ತಿ ಹದಿನೈದು ನಿಮಿಷ ಬಿಟ್ಟರೆ ಒದ್ದೆಯಾದದ್ದು ಯಾವುದೆಂದು ತಿಳಿಯುತ್ತದೆ. ಅದಾದ ಮೇಲೆ ಫ್ಲ್ಯಾಂಜ್: ಅದರ ರಬ್ಬರ್ ಗ್ಯಾಸ್ಕೆಟ್ ಕಾಲಕ್ರಮದಲ್ಲಿ ಗಟ್ಟಿಯಾಗಿ ಸೀಳುತ್ತದೆ, ನೀರು ಬೋಲ್ಟುಗಳ ಸುತ್ತ ಜಿನುಗುತ್ತದೆ. ಇವೆಲ್ಲ ಸಣ್ಣ ರಿಪೇರಿಗಳು.

ಇವೆಲ್ಲ ಒಣಗಿದ್ದು, ಕವಚದ ಅಂಚಿನಿಂದಲೋ ಫೋಮಿನ ಸಂದಿನಿಂದಲೋ ನೀರು ಇಳಿಯುತ್ತಿದ್ದರೆ, ಅದರಲ್ಲೂ ಆ ನೀರು ಕಂದುಬಣ್ಣದ್ದಾಗಿದ್ದರೆ, ಸೋರುತ್ತಿರುವುದು ಟ್ಯಾಂಕೇ. ಆಗ ಕಾಯಿಲ್ ಮೊನ್ನೆಯಷ್ಟೇ ಹಾಕಿಸಿದ್ದು ಎಂಬ ಲೆಕ್ಕಾಚಾರಕ್ಕೆ ಅರ್ಥವಿಲ್ಲ. ಇನ್ನು ಅದಕ್ಕೆ ಹಾಕುವ ಹಣ ನೀರಿನಲ್ಲಿ ಹೋಮ ಮಾಡಿದಂತೆಯೇ. ವಿದ್ಯುತ್ ಆರಿಸಿ, ತಣ್ಣೀರಿನ ವಾಲ್ವ್ ಮುಚ್ಚಿ, ಹೊಸದರ ಯೋಚನೆ ಮಾಡಬೇಕು. ಸೂಜಿಮೊನೆಯ ತೂತು ಎಷ್ಟು ದಿನ ಸೂಜಿಮೊನೆಯಷ್ಟೇ ಇರುತ್ತದೆ ಎಂದು ಯಾರೂ ಹೇಳಲಾರರು. ಒದ್ದೆಯಾದ ಫೋಮಿನ ಪಕ್ಕದಲ್ಲಿಯೇ ವಿದ್ಯುತ್ ತಂತಿಗಳೂ ಇರುತ್ತವೆ.

ನೀರು ತಡವಾಗಿ ಕಾಯುತ್ತಿದೆಯೇ? ಗಡಿಯಾರ ಹೇಳುತ್ತದೆ

ಹಳೆಯದಾಯಿತು, ಈಗ ಮೊದಲಿನಂತೆ ಬೇಗ ಕಾಯುವುದಿಲ್ಲ ಎಂಬ ದೂರು ಸಾಮಾನ್ಯ. ಇದನ್ನು ಅಳೆದೇ ನೋಡಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.19 ಕಿಲೋಜೂಲ್ ಶಕ್ತಿ ಬೇಕು. ಆ ಲೆಕ್ಕದಲ್ಲಿ 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 0.61 ಯೂನಿಟ್ ವಿದ್ಯುತ್ ಸಾಕು. 2 ಕಿಲೋವಾಟ್ ಕಾಯಿಲ್ ಅಷ್ಟನ್ನು ಸುಮಾರು 18 ನಿಮಿಷದಲ್ಲಿ ಕೊಡುತ್ತದೆ. 25 ಲೀಟರಿನ ಟ್ಯಾಂಕಾದರೆ ಅದೇ ಕಾಯಿಲಿಗೆ ಅರ್ಧ ಗಂಟೆ ಬೇಕು. ಬಿಸಿನೀರನ್ನೆಲ್ಲ ಖಾಲಿಮಾಡಿ, ನಲ್ಲಿ ಮುಚ್ಚಿ, ಸ್ವಿಚ್ ಹಾಕಿದ ಹೊತ್ತಿನಿಂದ ಥರ್ಮೋಸ್ಟಾಟ್ ಕಡಿದು ದೀಪ ಆರುವ ಹೊತ್ತಿನವರೆಗೆ ಎಣಿಸಿದರೆ ನಿಮ್ಮ ಗೀಸರ್ ಲೆಕ್ಕಕ್ಕೆ ಎಷ್ಟು ಹತ್ತಿರವಿದೆ ಎಂದು ಗೊತ್ತಾಗುತ್ತದೆ.

ಇಲ್ಲಿ ಅನೇಕರಿಗೆ ಅಚ್ಚರಿಯಾಗುವ ಸಂಗತಿಯೊಂದಿದೆ. ಕಾಯಿಲ್ ವಯಸ್ಸಾದಂತೆ ನಿಧಾನವಾಗುವುದಿಲ್ಲ. ಅದು ಪೂರ್ತಿ ಕೆಲಸ ಮಾಡುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ತಡವಾಗುತ್ತಿದ್ದರೆ ಕಾರಣ ಬೇರೆಲ್ಲೋ ಇದೆ. ಚಳಿಗಾಲದಲ್ಲಿ ಒಳಬರುವ ನೀರೇ 10 ಡಿಗ್ರಿ ಹೆಚ್ಚು ತಣ್ಣಗಿರಬಹುದು. ವೋಲ್ಟೇಜ್ ಇಳಿದಿರಬಹುದು: 230 ವೋಲ್ಟ್ ಇರಬೇಕಾದಲ್ಲಿ 200 ಇದ್ದರೆ ಕಾಯಿಲಿನ ಶಕ್ತಿ ಮುಕ್ಕಾಲು ಪಾಲಿಗೆ ಇಳಿದು, 18 ನಿಮಿಷದ ಕೆಲಸಕ್ಕೆ 24 ನಿಮಿಷ ಹಿಡಿಯುತ್ತದೆ. ದೊಡ್ಡ ಗೀಸರುಗಳಲ್ಲಿ ಎರಡು ಕಾಯಿಲುಗಳಿದ್ದು, ಅವುಗಳಲ್ಲಿ ಒಂದು ಸುಟ್ಟಿರಬಹುದು.

ಕಾಯುವುದು ಬೇಗ ಮುಗಿಯುತ್ತದೆ, ಬಿಸಿನೀರೂ ಬೇಗ ಮುಗಿಯುತ್ತದೆ ಎಂದಾದರೆ ಥರ್ಮೋಸ್ಟಾಟ್ ಅವಸರದಲ್ಲಿ ಕಡಿಯುತ್ತಿದೆ, ಅಥವಾ ಸುಣ್ಣವೇ ಟ್ಯಾಂಕಿನ ಜಾಗ ತಿಂದಿದೆ. ಸರಿಯಾಗಿಯೇ ಕಾದರೂ ಉಗುರುಬೆಚ್ಚಗಿನ ನೀರು ಬರುತ್ತಿದ್ದರೆ ತಣ್ಣೀರನ್ನು ತಳದಲ್ಲಿ ಬಿಡಬೇಕಾದ ಒಳಕೊಳವೆ ಮುರಿದು, ಅದು ಬಿಸಿನೀರಿನೊಂದಿಗೆ ಬೆರೆಯುತ್ತಿರಬಹುದು. ಇವುಗಳಲ್ಲಿ ಯಾವುದೂ ಟ್ಯಾಂಕಿನ ಸಾವಲ್ಲ.

ಶಾಖ ನಿಲ್ಲುತ್ತಿಲ್ಲ ಎಂಬುದು ಮಾತ್ರ ಗಂಭೀರ ದೂರು. ರಾತ್ರಿ ಕಾಯಿಸಿ ಸ್ವಿಚ್ ಆರಿಸಿದರೆ ಸುಸ್ಥಿತಿಯ ಗೀಸರಿನಲ್ಲಿ ಬೆಳಿಗ್ಗೆಯೂ ನೀರು ಬಿಸಿ ಉಳಿಸಿಕೊಂಡಿರುತ್ತದೆ. ಹೊರಕವಚವೇ ಕೈಗೆ ಬೆಚ್ಚಗೆ ತಾಗುತ್ತಿದ್ದು, ಬೆಳಗಾಗುವಷ್ಟರಲ್ಲಿ ನೀರು ತಣ್ಣಗಾಗಿದ್ದರೆ ಒಳಗಿನ ಫೋಮ್ ಕುಸಿದಿದೆ ಅಥವಾ ಒದ್ದೆಯಾಗಿದೆ. ಫೋಮನ್ನು ಕಾರ್ಖಾನೆಯಲ್ಲಿ ಟ್ಯಾಂಕಿಗೂ ಕವಚಕ್ಕೂ ನಡುವೆ ಸುರಿದು ಉಬ್ಬಿಸಿರುತ್ತಾರೆ. ಮನೆಯಲ್ಲಿ ಅದನ್ನು ಬದಲಿಸಲಾಗದು. ಒದ್ದೆಯಾದ ಫೋಮ್ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಇನ್ನೂ ಹೊರಗೆ ಕಾಣಿಸಿಕೊಳ್ಳದ ಸೋರಿಕೆ.

ಬಣ್ಣ ಮತ್ತು ವಾಸನೆ

ಕೆಂಪು ನೀರು ಬಂದರೆ ಎರಡು ಬಿಳಿಯ ಪಾತ್ರೆಗಳನ್ನು ತೆಗೆದುಕೊಂಡು ಒಂದರಲ್ಲಿ ತಣ್ಣೀರನ್ನೂ ಇನ್ನೊಂದರಲ್ಲಿ ಬಿಸಿನೀರನ್ನೂ ಹಿಡಿದು ಪಕ್ಕಪಕ್ಕದಲ್ಲಿಡಬೇಕು. ಎರಡೂ ಕೆಂಪಾಗಿದ್ದರೆ ತಪ್ಪು ಗೀಸರಿನದಲ್ಲ. ಬಿಸಿನೀರು ಮಾತ್ರ ಕೆಂಪಾಗಿದ್ದು, ಒಂದೆರಡು ಕ್ಷಣಗಳಲ್ಲಿ ತಿಳಿಯಾದರೆ ಅದು ಪೈಪಿನ ತುಕ್ಕು. ಬಕೆಟ್ ತುಂಬುವವರೆಗೂ ಕೆಂಪಾಗಿಯೇ ಬಂದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತಿದೆ ಎಂದು ತಿಳಿಯಬೇಕು. ಆನೋಡ್ ಸರಳನ್ನು ಕೂಡಲೇ ತೆಗೆಸಿ ನೋಡಿ ಬದಲಿಸಿದರೆ ಕೆಲವೊಮ್ಮೆ ಇನ್ನಷ್ಟು ಕಾಲ ದೂಡಬಹುದು. ಆದರೆ ಒಮ್ಮೆ ತಿಂದುಹೋದ ಉಕ್ಕು ಮರಳಿ ಬರುವುದಿಲ್ಲ. ಸೋರಿಕೆ ಶುರುವಾಗುವ ಮೊದಲೇ ಹೊಸದನ್ನು ಆರಾಮವಾಗಿ ಹುಡುಕಲು ಇದು ಒಳ್ಳೆಯ ಮುನ್ಸೂಚನೆ.

ಕೊಳೆತ ಮೊಟ್ಟೆಯ ವಾಸನೆ ಹೆಚ್ಚು ಹೆದರಿಸುತ್ತದೆ, ಆದರೆ ಅಷ್ಟು ಹೆದರಬೇಕಾದದ್ದಲ್ಲ. ನೀರಿನಲ್ಲಿರುವ ಸಲ್ಫೇಟನ್ನು ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಮೆಗ್ನೀಸಿಯಂ ಸರಳಿನ ರಾಸಾಯನಿಕ ಕ್ರಿಯೆ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ. ಟ್ಯಾಂಕನ್ನು ತೊಳೆಸಿ, ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರಣದ ಸರಳು ಹಾಕಿಸಿದರೆ ಸಾಮಾನ್ಯವಾಗಿ ವಾಸನೆ ಹೋಗುತ್ತದೆ.

ಬ್ಯಾಕ್ಟೀರಿಯಾದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಹಳೆಯ ಗೀಸರಿಗೆ ಶ್ರಮವಾಗಬಾರದೆಂದು ಕೂಡಿಟ್ಟ ನೀರನ್ನು ಸದಾ 40 ಡಿಗ್ರಿಯ ಆಸುಪಾಸಿನಲ್ಲಿಯೇ ಇಡುವುದು ಸರಿಯಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದಲ್ಲಿ ಹಬ್ಬಿದ ನ್ಯುಮೋನಿಯಾದಿಂದ ಬೆಳಕಿಗೆ ಬಂದ ಲೀಜನೆಲ್ಲ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಡುವಿನ ನೀರಿನಲ್ಲಿ ಬೆಳೆಯುತ್ತದೆ. ಕೂಡಿಟ್ಟ ನೀರು 60 ಡಿಗ್ರಿ ಮುಟ್ಟಿದರೆ ಸಾಯುತ್ತದೆ. ಅಷ್ಟು ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಮೈ ಸುಡಬಲ್ಲದು, ಆದ್ದರಿಂದ ತಣ್ಣೀರು ಬೆರೆಸುವುದು ನಲ್ಲಿಯಲ್ಲಿ ಆಗಬೇಕು.

ತಕ್ಷಣ ಆರಿಸಬೇಕಾದ ಸಂದರ್ಭಗಳು

ಬಿಸಿನೀರಿನ ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ, ಅಥವಾ ಗೀಸರ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ, ಕಾಯಿಲಿನ ಹೊರಕೊಳವೆ ಬಿರಿದು ಅದರೊಳಗಿನ ನಿರೋಧಕ ಪುಡಿ ನೀರು ಹೀರಿದೆ ಎಂಬುದು ಮೊದಲ ಅನುಮಾನ. ಆರ್‌ಸಿಸಿಬಿ ಎಂಬುದು 30 ಮಿಲಿಆಂಪಿಯರಿನಷ್ಟು ವಿದ್ಯುತ್ ದಾರಿತಪ್ಪಿ ಸೋರಿದರೂ ಲೈನನ್ನು ಕಡಿಯುವ ಸ್ವಿಚ್. ಅದು ಬೀಳುತ್ತಿದ್ದರೆ ಜೀವ ಉಳಿಸುತ್ತಿದೆ ಎಂದೇ ಅರ್ಥ, ಅದನ್ನು ತಪ್ಪಿಸಿ ಬೇರೆ ಲೈನಿಗೆ ಜೋಡಿಸುವುದು ತಪ್ಪು. ಕಾಯಿಲ್ ಬದಲಿಸಿದರೆ ತೊಂದರೆ ಹೋಗುತ್ತದೆ, ಆದರೆ ಅರ್ಥಿಂಗ್ ಕೂಡ ಸರಿಯಿದೆಯೇ ಎಂದು ಪರೀಕ್ಷಿಸದೆ ಬಳಸಬಾರದು. ಅರ್ಥಿಂಗ್ ಸರಿಯಿದ್ದಿದ್ದರೆ ಕೈ ಜುಮ್ಮೆನ್ನುತ್ತಿರಲಿಲ್ಲ.

ನಲ್ಲಿಯಿಂದ ಉಗಿ ಬುಸುಗುಟ್ಟಿದರೆ ಥರ್ಮೋಸ್ಟಾಟೂ ಕಟ್‌ಔಟೂ ಎರಡೂ ಕೆಲಸ ಮಾಡಿಲ್ಲ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕುಳಿತಿರುತ್ತದೆ. ಟ್ಯಾಂಕ್ ಸೀಳಿ ಒತ್ತಡ ಒಮ್ಮೆಲೇ ಇಳಿದರೆ ಅದರ ಒಂದು ಪಾಲು ಕ್ಷಣಾರ್ಧದಲ್ಲಿ ಉಗಿಯಾಗುತ್ತದೆ. ಹಾಗೆ ಉಗಿಯಾದ ನೀರು ತನ್ನ ಮೊದಲಿನ ಗಾತ್ರದ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಗೀಸರ್ ಸ್ಫೋಟ ಎಂಬುದರ ಹಿಂದಿನ ಭೌತವಿಜ್ಞಾನ ಇಷ್ಟೇ. ಹತ್ತಿರ ಹೋಗದೆ ಮೇನ್ ಆರಿಸಿ ತಾನಾಗಿ ತಣಿಯಲು ಬಿಡಬೇಕು. ಹೀಗೆ ಎರಡು ಕಾವಲುಗಳು ಒಟ್ಟಿಗೆ ಸೋತ ಹಳೆಯ ಗೀಸರನ್ನು ಮತ್ತೆ ಗೋಡೆಗೆ ಏರಿಸದಿರುವುದೇ ಲೇಸು.

ಗ್ಯಾಸ್ ಗೀಸರಿನ ವಿಚಾರ

ಗೀಸರ್ ಎಂಬ ಹೆಸರು ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆ ಗೇಸಿರ್‌ನಿಂದ ಬಂದದ್ದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬವರು ಗ್ಯಾಸ್ ಉರಿಸಿ ಸ್ನಾನದ ನೀರು ಕಾಯಿಸುವ ಯಂತ್ರವನ್ನು ತಯಾರಿಸಿ ಆ ಹೆಸರಿಟ್ಟರು. ಅದರಲ್ಲಿ ಉರಿದ ಅನಿಲ ಹೊರಹೋಗಲು ಕೊಳವೆಯೇ ಇರಲಿಲ್ಲ. ಗ್ಯಾಸ್ ಗೀಸರಿನ ಅತಿ ದೊಡ್ಡ ಅಪಾಯ ಇಂದಿಗೂ ಅದೇ.

ಮುಚ್ಚಿದ ಸಣ್ಣ ಕೋಣೆಯಲ್ಲಿ ಜ್ವಾಲೆ ಆಮ್ಲಜನಕವನ್ನು ಬಳಸಿ ಮುಗಿಸಿದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿದ್ದರೆ, ಯಂತ್ರದ ಮೇಲ್ಭಾಗದಲ್ಲಿ ಮಸಿ ಹಿಡಿದಿದ್ದರೆ, ಸ್ನಾನ ಮಾಡಿ ಬಂದವರಿಗೆ ತಲೆನೋವು, ತಲೆಸುತ್ತು ಕಾಣಿಸಿಕೊಳ್ಳುತ್ತಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಬೇಕು. ಬರ್ನರ್ ಶುಚಿಮಾಡಿಸಿದರೆ ಜ್ವಾಲೆ ಸರಿಹೋಗಬಹುದು. ಆದರೆ ಹೊಗೆಕೊಳವೆ ಇಲ್ಲದ ಗೀಸರ್ ಸ್ನಾನದ ಕೋಣೆಯೊಳಗೇ ಇದ್ದರೆ, ಅದು ಎಷ್ಟೇ ಹೊಸದಿರಲಿ, ಜಾಗ ಬದಲಿಸಬೇಕು ಅಥವಾ ಗೀಸರನ್ನೇ ಬದಲಿಸಬೇಕು. ಜ್ವಾಲೆ ನೀಲಿಯಾಗಿದೆ ಎಂಬುದು ಸುರಕ್ಷತೆಗೆ ಸಾಕ್ಷಿಯಲ್ಲ.

ನೀರನ್ನು ಕೂಡಿಡದೆ ಹರಿಯುವಾಗಲೇ ಕಾಯಿಸುವ ಇನ್‌ಸ್ಟಂಟ್ ವಿದ್ಯುತ್ ಗೀಸರುಗಳ ಬಗ್ಗೆಯೂ ಒಂದು ಮಾತು. 3 ಕಿಲೋವಾಟ್ ಶಕ್ತಿ ನೀರನ್ನು 35 ಡಿಗ್ರಿ ಏರಿಸಬಲ್ಲದ್ದು ನಿಮಿಷಕ್ಕೆ ಸುಮಾರು 1.2 ಲೀಟರಿನಂತೆ ಮಾತ್ರ. ಚಳಿಗಾಲದಲ್ಲಿ ಬಿಸಿನೀರು ಸಣ್ಣ ಧಾರೆಯಾಗಿ ಬರುವುದು ಯಂತ್ರದ ಮಿತಿ, ದೋಷವಲ್ಲ. ಹೆಚ್ಚು ಬೇಕಾದರೆ ಬೇರೆ ಬಗೆಯ ಗೀಸರ್ ಬೇಕಾಗುತ್ತದೆ.

ವಯಸ್ಸು ಮತ್ತು ಖರ್ಚು

ಟ್ಯಾಂಕ್ ಇರುವ ಗೀಸರಿಗೆ ಸಾಮಾನ್ಯವಾಗಿ 8ರಿಂದ 12 ವರ್ಷದ ಆಯುಷ್ಯ ಹೇಳುತ್ತಾರೆ. ಗಡಸು ನೀರು, ಅಧಿಕ ಒತ್ತಡ, ಸವೆದ ಆನೋಡ್ ಸೇರಿದರೆ ಅದು ಐದಾರು ವರ್ಷಕ್ಕೂ ಇಳಿಯಬಹುದು. ಮೆದು ನೀರಿನಲ್ಲಿ ಸರಳು ಬದಲಿಸುತ್ತಾ ಬಂದರೆ ಹದಿನೈದನ್ನೂ ದಾಟಬಹುದು. ಹಾಗಾಗಿ ವಯಸ್ಸೊಂದೇ ತೀರ್ಪಲ್ಲ. ವಾರಂಟಿ ಚೀಟಿಯಲ್ಲಿ ಹಲವು ಬಾರಿ ಕಾಯಿಲಿಗೆ ಒಂದು ಅವಧಿ, ಟ್ಯಾಂಕಿಗೆ ಅದಕ್ಕಿಂತ ದೀರ್ಘವಾದ ಇನ್ನೊಂದು ಅವಧಿ ಇರುವುದನ್ನು ಗಮನಿಸಬೇಕು. ಯಾವುದು ಸವೆಯುವ ಭಾಗ, ಯಾವುದು ಗೀಸರಿನ ಜೀವ ಎಂಬುದನ್ನು ತಯಾರಕರೇ ಅಲ್ಲಿ ಬರೆದುಕೊಟ್ಟಿರುತ್ತಾರೆ.

ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದನ್ನೇ ಕೊಳ್ಳಬೇಕು ಎಂಬ ಸೂತ್ರ ಬಹಳ ಕಡೆ ಕೇಳಿಬರುತ್ತದೆ. ಮೂಗಿಗಿಂತ ಮೂಗುತಿ ಭಾರವಾಗಬಾರದು ಎಂಬ ಮಟ್ಟಿಗೆ ಅದು ಸರಿ. ಆದರೆ ಅದನ್ನು ಕಣ್ಣುಮುಚ್ಚಿ ಬಳಸಬಾರದು. ಟ್ಯಾಂಕ್ ತುಕ್ಕು ಹಿಡಿದಿದ್ದರೆ ಹತ್ತನೆಯ ಒಂದು ಪಾಲಿನ ಖರ್ಚೂ ದಂಡ. ಟ್ಯಾಂಕ್ ಗಟ್ಟಿಯಾಗಿದ್ದು ನಾಲ್ಕೇ ವರ್ಷದ್ದಾಗಿದ್ದರೆ ಕಾಯಿಲ್, ಥರ್ಮೋಸ್ಟಾಟ್, ಗ್ಯಾಸ್ಕೆಟ್, ಆನೋಡ್ ನಾಲ್ಕನ್ನೂ ಒಟ್ಟಿಗೆ ಹಾಕಿಸುವುದೂ ಲಾಭವೇ. ಹೇಗೂ ಮುಚ್ಚಳ ಬಿಚ್ಚುವುದರಿಂದ ಕೆಲಸದ ಕೂಲಿ ಒಮ್ಮೆಯೇ ಬೀಳುತ್ತದೆ. ಒಂದೇ ವರ್ಷದಲ್ಲಿ ಎರಡನೆಯ ಬಾರಿ ಕಾಯಿಲ್ ಸುಟ್ಟರೆ ಮಾತ್ರ ನಿಲ್ಲಿಸಿ ಯೋಚಿಸಬೇಕು. ಆಗ ತಪ್ಪು ಗೀಸರಿನದಕ್ಕಿಂತ ನೀರಿನದೋ ವೈರಿಂಗಿನದೋ ಆಗಿರುವ ಸಾಧ್ಯತೆ ಹೆಚ್ಚು, ಹೊಸ ಗೀಸರ್ ತಂದರೂ ಅದೇ ಕಥೆ ಮರುಕಳಿಸುತ್ತದೆ.

ಬದಲಿಸುವುದೇ ಆದರೆ

ಹೊಸದನ್ನು ಆರಿಸುವಾಗ ಹಳೆಯದು ಯಾವುದರಿಂದ ಹಾಳಾಯಿತು ಎಂಬುದೇ ಅತ್ಯುತ್ತಮ ಮಾರ್ಗದರ್ಶಿ. ಹಳೆಯ ಗೀಸರನ್ನು ಕಳಚುವಾಗ ಅದರ ಮುಚ್ಚಳ ಬಿಚ್ಚಿ ತೋರಿಸುವಂತೆ ಕೇಳಬೇಕು. ತುಂಬ ಸುಣ್ಣವಿದ್ದರೆ ನೀರನ್ನು ಮೆದುಗೊಳಿಸುವ ಸಾಧನವನ್ನೂ ಸುಲಭವಾಗಿ ಬಿಚ್ಚಿ ಶುಚಿಮಾಡಬಹುದಾದ ಫ್ಲ್ಯಾಂಜನ್ನೂ ಪರಿಗಣಿಸಬೇಕು. ಸುಣ್ಣವಿಲ್ಲದೆ ಬೆಸುಗೆ ಸೀಳಿದ್ದರೆ ಒತ್ತಡ ಅಳೆಸಿ, ಹೊಸ ಗೀಸರಿನ ಫಲಕದ ಮೇಲೆ ಬರೆದಿರುವ ಗರಿಷ್ಠ ಒತ್ತಡಕ್ಕೆ ಹೋಲಿಸಿ, ಅಗತ್ಯವಿದ್ದರೆ ಒತ್ತಡ ಇಳಿಸುವ ವಾಲ್ವ್ ಹಾಕಿಸಬೇಕು.

ಸೌರ ಗೀಸರುಗಳಿಗೂ ಇದೇ ತರ್ಕ ಹೊಂದುತ್ತದೆ: ಒಡೆದ ಗಾಜಿನ ಕೊಳವೆಗಳನ್ನು ಒಂದೊಂದಾಗಿ ಬದಲಿಸಬಹುದು, ಸೋರುವ ಟ್ಯಾಂಕನ್ನು ಉಳಿಸಿಕೊಳ್ಳಲಾಗದು. ಹೆಚ್ಚು ಬಿಸಿನೀರು ಬಳಸುವ ಮನೆಗೆ ಹೀಟ್ ಪಂಪ್ ಗೀಸರ್ ಇನ್ನೊಂದು ದಾರಿ. ಅದು ಫ್ರಿಜ್ಜಿನ ಕೆಲಸವನ್ನೇ ತಿರುವುಮುರುವು ಮಾಡುತ್ತದೆ. ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ತುಂಬುತ್ತದೆ. ಶಾಖವನ್ನು ಹುಟ್ಟಿಸುವ ಬದಲು ಸಾಗಿಸುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಎರಡರಿಂದ ನಾಲ್ಕು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ಅದರ ಮೊದಲ ಖರ್ಚು ಹೆಚ್ಚು, ಜಾಗವೂ ಹೆಚ್ಚು ಬೇಕು, ನೀರು ನಿಧಾನವಾಗಿ ಕಾಯುತ್ತದೆ.

ಕೂರಿಸುವ ದಿನ ಗಮನಿಸಬೇಕಾದದ್ದು ಮೂರು. ಹಳೆಯ ಸೇಫ್ಟಿ ವಾಲ್ವನ್ನೇ ಮತ್ತೆ ಬಳಸದೆ ಹೊಸದನ್ನು ಹಾಕಬೇಕು, ಅದರ ಬಾಯಿಯಿಂದ ಹನಿಯುವ ನೀರು ಸುರಕ್ಷಿತ ಜಾಗಕ್ಕೆ ಬೀಳಬೇಕು. ಅರ್ಥಿಂಗನ್ನು ಉಪಕರಣದಿಂದ ಅಳೆದು ನೋಡಬೇಕು. ಟ್ಯಾಂಕ್ ಪೂರ್ತಿ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಸಮನೆ ಹರಿಯುವವರೆಗೆ ಸ್ವಿಚ್ ಹಾಕಬಾರದು, ಏಕೆಂದರೆ ಖಾಲಿ ಟ್ಯಾಂಕಿನಲ್ಲಿ ಹೊಸ ಕಾಯಿಲ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಆಮೇಲೆ ಅಳಿಸದ ಶಾಯಿಯ ಪೆನ್ನಿನಿಂದ ಕವಚದ ಬದಿಯಲ್ಲಿ ಎರಡು ದಿನಾಂಕಗಳನ್ನು ಬರೆದಿಡುವುದು ಒಳ್ಳೆಯದು: ಗೀಸರ್ ಕೂರಿಸಿದ ದಿನ, ಮತ್ತು ಆನೋಡ್ ಸರಳನ್ನು ಮೊದಲ ಬಾರಿ ತೆಗೆದು ನೋಡಬೇಕಾದ ದಿನ.